ವಿಮಾನದ ಮೂಗಿಗೆ ಜೋಳದ ರೊಟ್ಟಿ

ಎಣ್ಣೆಯ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದ್ದು ಹರಿಹರದ ಸೇತುವೆಯ ಮೇಲೋ, ಅದಕ್ಕೂ ಮೊದಲೋ, ನನಗೆ ಗೊತ್ತಿಲ್ಲ. ದಾಟಿತ್ತೆಂಬುದೇ ನನಗೆ ಪೂರ್ತಿ ಖಾತ್ರಿಯಿಲ್ಲ. ಆ ಮುಳ್ಳನ್ನು ಹಾರಾಟದ ಹೊತ್ತಿನಲ್ಲಿ ನಾನು ಒಂದು ಸಲವೂ ನೋಡಲಿಲ್ಲ. ನಾನು ನೋಡಿದ್ದು ಹಾಲಪ್ಪ ಸಾಹುಕಾರರ ರುಮಾಲನ್ನು.

ವಿಮಾನದ ಮೂಗಿಗೆ ಜೋಳದ ರೊಟ್ಟಿ ತುರುಕಿದವರು ಯಾರು ಎಂಬ ಬಗ್ಗೆಯೂ ಹೇಳಿಕೆಗಳು ಬೇರೆ ಬೇರೆ ಇವೆ. ಸಾಹುಕಾರರು "ಮೇಷ್ಟ್ರು" ಎನ್ನುತ್ತಾರೆ. ನನ್ನ ಹೆಂಡತಿ ಗಿರಿಜೆ "ನಮ್ಮನೆಯವ್ರು" ಎನ್ನುತ್ತಾಳೆ. ನಾನು "ಯಾರೋ" ಎನ್ನುತ್ತೇನೆ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿದ್ದೇನೆ. ದಾವಣಗೆರೆ ಊರು ಅದನ್ನು ಓದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವನು ನಾನು. ಸೂರ್ಯ ಮುಳುಗಿದ ಎಂದರೆ "ಯಾರು ನೋಡಿದ್ದು?" ಎಂದು ಕೇಳುವ ಜಾತಿಯವನು. ಅಂಥವನನ್ನು ಈ ಊರು ಒಂದು ರೊಟ್ಟಿಯಿಂದ ಗುರುತಿಸುತ್ತದೆ.

ಆಗ ಭದ್ರಾ ನಾಲೆಯ ನೀರು ಮಲೆಬೆನ್ನೂರಿನ ಕಡೆ ಹರಿಯಲು ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಜೋಳ ಬೆಳೆಯುತ್ತಿದ್ದವರು ಭತ್ತದ ಗದ್ದೆ ಮಾಡಿಕೊಂಡು ಮೀಸೆ ತಿರುವುತ್ತಿದ್ದರು. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಇಳಿಜಾರಾದ ಹಲಗೆಯ ಮೇಲಿಂದ ಗೋಲಿ ಉರುಳಿಸಿ ಅದು ಎಷ್ಟು ಬೇಗ ಕೆಳಗೆ ಬಂತು ಎಂದು ಹುಡುಗರಿಗೆ ತೋರಿಸುವುದು ನನ್ನ ಕೆಲಸ. ಪ್ರತಿ ವರ್ಷ ಅದೇ ಹಲಗೆ, ಅದೇ ಗೋಲಿ. ಗೋಲಿ ಒಂದು ವರ್ಷವೂ ಮೇಲಕ್ಕೆ ಹೋಗಲಿಲ್ಲ. ಹೀಗಾಗಿ ರಜೆ ಬಂದಾಗಲೆಲ್ಲ ಬೆಂಗಳೂರಿಗೆ ಓಡಿ ಅಲ್ಲಿನ ಒಂದು ವಿಮಾನ ಕ್ಲಬ್ಬಿನಲ್ಲಿ ಹಾರಾಟ ಕಲಿತೆ. ಲೈಸೆನ್ಸೂ ಸಿಕ್ಕಿತು. ಕ್ಲಬ್ಬಿನ ಕಾರ್ಯದರ್ಶಿಗಳು ಒಂದು ದಿನ, "ನಿಮ್ಮೂರಲ್ಲಿ ಸಮತಟ್ಟಾದ ಒಂದು ಬಯಲು ಹುಡುಕಿ ಸ್ವಾಮಿ. ಒಂದು ವಿಮಾನ ಅಲ್ಲೇ ಇಡೋಣ, ಕಲಿಸೋರು ನೀವೇ" ಅಂದರು. ಆ ರಾತ್ರಿಯಿಂದ ನನ್ನ ಕನಸಿನಲ್ಲಿ ಗೋಲಿ ಬರುವುದು ನಿಂತಿತು.

ಬಯಲು ಇತ್ತು. ಹರಿಹರದ ರಸ್ತೆಯ ಪಕ್ಕದಲ್ಲಿ, ಕಲ್ಲಿಲ್ಲದ, ಗಿಡವಿಲ್ಲದ, ನನ್ನ ಅಂಗೈಯಂತೆ ನುಣ್ಣಗಿದ್ದ ಬೀಳು ಹೊಲ. ಅದು ಹತ್ತಿ ವ್ಯಾಪಾರಿ ಹಾಲಪ್ಪ ಸಾಹುಕಾರರದು. ಅವರ ಅಂಗಡಿಗೆ ಹೋಗಿ ದೇಶದ ಭವಿಷ್ಯ, ಯುವಕರ ಧೈರ್ಯ, ವಿಜ್ಞಾನದ ಮುನ್ನಡೆ ಎಲ್ಲವನ್ನೂ ವಿವರಿಸಿದೆ. ಅವರು ಎಲೆಯಡಿಕೆ ಕುಟ್ಟಾಣಿಯಲ್ಲಿ ಕುಟ್ಟುತ್ತ ಕೇಳಿದರು.

"ಮೇಷ್ಟ್ರೇ, ತೂಗದೆ ಒಂದು ಹಿಡಿ ಹತ್ತಿ ತಗಂಡೋನಲ್ಲ ನಾನು. ನಿಮ್ಮ ಇಮಾನ ನೋಡದೆ ಹೊಲ ಹೆಂಗೆ ಕೊಡ್ಲಿ? ನನ್ನ ಮ್ಯಾಲೆ ಕರ್ಕಂಡು ಹೋಗ್ರಿ. ಮಲೆಬೆನ್ನೂರಾಗೆ ನನ್ನ ಗದ್ದೆ ಐತೆ, ಅದನ್ನ ಮ್ಯಾಲಿಂದ ತೋರಸ್ರಿ. ವಾಪಸ್ ಬಂದು ಸೈ ಅನ್ನಿಸ್ತು ಅಂದ್ರೆ ಹೊಲ ನಿಮ್ದು."

ಅಂದರೆ, ಸಾಹುಕಾರರು ಸೈ ಅಂದರೆ ನಾನು ವಿಮಾನದ ಗುರು. ಇಲ್ಲ ಅಂದರೆ ನಿವೃತ್ತಿಯವರೆಗೂ ಗೋಲಿ. ನನ್ನ ಬಾಳಿನ ಲೆಕ್ಕ ಇಷ್ಟು ಸರಳವಾಗಿ ಬೇರೆ ಯಾವತ್ತೂ ನನ್ನ ಮುಂದೆ ನಿಂತಿರಲಿಲ್ಲ. ನಾನು ಒಂದು ಚೂರೂ ಹೆದರಲಿಲ್ಲ. ಹೆದರಬೇಕಾದದ್ದು ಅಜ್ಞಾನಿಗಳು.

ಬೆಂಗಳೂರಿನಿಂದ ವಿಮಾನವನ್ನು ನಾನೇ ತಂದು ಬಯಲಿನಲ್ಲಿ ಇಳಿಸಿದೆ. ಬಟ್ಟೆ ಹೊದೆಸಿದ ರೆಕ್ಕೆ, ಮುಂದೆ ಮರದ ಪಂಕ, ಹಿಂದೆ ಪುಟ್ಟ ಚಕ್ರ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ಅಂದು ಸಂಜೆ ಅಡುಗೆಮನೆಯಲ್ಲಿ ಗಿರಿಜೆಗೆ ಪಾಠ ಹೇಳಿದೆ. ಅವಳು ಮಾಯಕೊಂಡದವಳು. ಪಾಠವನ್ನು ಬ್ಯಾಡ ಅನ್ನುವುದಿಲ್ಲ, ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದೂ ಇಲ್ಲ.

"ನೋಡು, ಸಣ್ಣ ವಿಮಾನದ ಎಂಜಿನ್ನಿಗೆ ಕಾರಿನ ಹಾಗೆ ನೀರಿಲ್ಲ. ಅದನ್ನು ತಣ್ಣಗಿಡೋದು ಗಾಳಿ ಮತ್ತು ಎಣ್ಣೆ. ಎಣ್ಣೆ ತಣ್ಣಗಿದ್ದರೆ ಗಟ್ಟಿಯಾಗಿ ಎಲ್ಲ ಕಡೆ ಹರಿಯೋದಿಲ್ಲ. ಬೆಚ್ಚಗಾಗೋ ತನಕ ನೆಲ ಬಿಡಬಾರದು. ಅತಿಯಾಗಿ ಕಾದರೆ ನೀರಾಗಿ, ಲೋಹಕ್ಕೆ ಲೋಹ ತಿಕ್ಕಿ ಎಂಜಿನ್ನು ಕಚ್ಚಿಕೊಳ್ಳುತ್ತೆ."

"ಹೂಂ."

"ಇನ್ನು ಮಿಶ್ರಣ. ಪೆಟ್ರೋಲಿಗೆ ಗಾಳಿ ಬೆರೆತು ಉರಿಯಬೇಕು. ಪೆಟ್ರೋಲು ಜಾಸ್ತಿಯಾದರೆ ದಪ್ಪ ಮಿಶ್ರಣ. ಉರಿಯದೆ ಉಳಿದ ಪೆಟ್ರೋಲು ಶಾಖ ಹೀರಿ ಎಂಜಿನ್ನು ತಂಪಾಗಿರುತ್ತೆ, ಮಸಿ ಮಾತ್ರ ಕಟ್ಟುತ್ತೆ. ಗಾಳಿ ಜಾಸ್ತಿಯಾದರೆ ತೆಳು ಮಿಶ್ರಣ. ಪೆಟ್ರೋಲು ಉಳಿಯುತ್ತೆ, ಆದರೆ ಎಂಜಿನ್ನು ಕಾಯುತ್ತೆ. ಇದನ್ನು ಹಿಡಿತದಲ್ಲಿ ಇಡೋಕೆ ಪೈಲಟ್ಟಿನ ಎಡಗೈ ಹತ್ತಿರ ಒಂದು ಕೆಂಪು ಗುಂಡಿ ಇದೆ. ಒಳಗೆ ಒತ್ತಿದರೆ ದಪ್ಪ, ಹೊರಗೆ ಎಳೆದರೆ ತೆಳು."

"ಅಂದ್ರೆ ಗುಂಡಿ ಒಳಗೆ ಒತ್ತಿದ್ರೆ ತಂಪು, ಹೊರಗೆ ಎಳೆದ್ರೆ ಬಿಸಿ."

"ಅಷ್ಟು ಸುಲಭ ಅಲ್ಲ."

ಅಷ್ಟೇ ಸುಲಭವಾಗಿತ್ತು. ನಾನು ಮೂರು ತಿಂಗಳು ಓದಿದ್ದನ್ನು ಅವಳು ಒಂದು ರೊಟ್ಟಿ ತಿರುವುವಷ್ಟರಲ್ಲಿ ಹೇಳಿದಳೆಂದು ನನಗೆ ರೇಗಿತು. ವಿಷಯ ಎಷ್ಟು ಆಳವಾದದ್ದು ಎಂದು ತೋರಿಸಲು ಪಂಪ್ ಸ್ಟೌ ಹಚ್ಚಿದೆ. ಅದು ನೀಲಿಯಾಗಿ ಉರಿಯುತ್ತಿದ್ದುದನ್ನು ದಪ್ಪ ಮಿಶ್ರಣ ಮಾಡಿ ತೋರಿಸಲು ಹೋದೆ. ಹಳದಿ ಜ್ವಾಲೆ ಎದ್ದು ಸೂರಿನವರೆಗೆ ಮಸಿ ಬಳಿಯಿತು.

ಗಿರಿಜೆ ತಲೆ ಎತ್ತಿ ನೋಡಿದಳು. "ಇಮಾನಕ್ಕೆ ಸೂರಿಲ್ಲ, ಪುಣ್ಯ" ಅಂದಳು.

ಮರುದಿನ ಬೆಳಗ್ಗೆ ಬಯಲಿನಲ್ಲಿ ಜನವೋ ಜನ. ಸಂಕ್ರಾಂತಿಗೆ ಹತ್ತಿರದ ದಿನಗಳು. ಮಂಜು ಬಿದ್ದು ರೆಕ್ಕೆಯ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಹಾಲಪ್ಪ ಸಾಹುಕಾರರು ಜರಿಯಂಚಿನ ರುಮಾಲು ಸುತ್ತಿ, ಕೋಟು ತೊಟ್ಟು, ಮದುವೆಯ ಬೀಗರಂತೆ ಬಂದರು. ಈ ವಿಮಾನದಲ್ಲಿ ಪ್ರಯಾಣಿಕ ಮುಂದೆ ಕೂರಬೇಕು, ನಡೆಸುವವನು ಹಿಂದೆ. ಮುಳ್ಳಿನ ಗಡಿಯಾರಗಳೆಲ್ಲ ಪ್ರಯಾಣಿಕನ ಮುಂದಿನ ಹಲಗೆಯಲ್ಲಿವೆ. ಹಿಂದಿರುವವನು ಅವನ ಭುಜದ ಮೇಲಿಂದ ಇಣುಕಬೇಕು. ಇದನ್ನು ಯೋಚಿಸಿದ ಮಹಾನುಭಾವನು ರುಮಾಲು ಕಂಡವನಲ್ಲ.

"ಸಾಹುಕಾರ್ರೇ, ರುಮಾಲು ತೆಗೆದು ತೊಡೆ ಮೇಲೆ ಇಟ್ಟುಕೊಳ್ಳಿ. ನನಗೆ ಮುಂದೆ ಕಾಣೋದಿಲ್ಲ."

"ಬರೇ ತಲೀಲಿ ಊರ ಮ್ಯಾಲೆ ಹೋಗಾದಾ? ಕೆಳಗೆ ನಿಂತ ಮಂದಿ ಏನಂತಾರೆ? ನಮ್ಮ ಮನ್ಯಾಗೆ ಯಾರೂ ಸತ್ತಿಲ್ರಿ."

"ಕೆಳಗಿನವರಿಗೆ ನಿಮ್ಮ ತಲೆ ಕಾಣೋದಿಲ್ಲ."

"ಕಾಣದಿದ್ರೆ ಮತ್ತೆ ನಾನು ಹೋಗೋದು ಯಾಕೆ?"

ರುಮಾಲು ಉಳಿಯಿತು.

ಚಕ್ರಗಳಿಗೆ ಕಲ್ಲು ಕೊಟ್ಟು, ಪಂಕ ತಿರುಗಿಸಿ ಎಂಜಿನ್ನು ಚಾಲೂ ಮಾಡಿದೆ. ಸಾಹುಕಾರರ ಪಕ್ಕಕ್ಕೆ ಬಂದು ನಿಂತು ಎಣ್ಣೆಯ ಮುಳ್ಳು ನೋಡಿದೆ. ಅದು ಎಡಗಡೆಯ ಮೂಲೆಯಲ್ಲಿ ಮಲಗಿತ್ತು. ಸ್ವಲ್ಪ ಹೊತ್ತು ಕಾದೆ. ಮಲಗಿಯೇ ಇತ್ತು. ಎಣ್ಣೆ ಬೆಚ್ಚಗಾಗುವವರೆಗೆ ಹಾರಬಾರದು. ಇದು ನಿಯಮ. ಆದರೆ ಹಾಲಪ್ಪ ಸಾಹುಕಾರರದು ಬೇರೆ ನಿಯಮ.

"ಮೇಷ್ಟ್ರೇ, ಇವತ್ತು ಸೋಮವಾರ. ಏಳೂವರಿಗೆ ರಾಹುಕಾಲ ಹುಟ್ತೈತೆ. ಅಷ್ಟ್ರಾಗೆ ನೆಲ ಬಿಟ್ರೆ ಬಿಟ್ವಿ, ಇಲ್ಲಾಂದ್ರೆ ನಾನು ಇಳೀತೀನಿ."

"ಎಂಜಿನ್ನಿಗೆ ರಾಹುಕಾಲ ಗೊತ್ತಿಲ್ಲ ಸಾಹುಕಾರ್ರೇ."

"ಹೊಲ ಎಂಜಿನ್ನಿಂದಲ್ಲ, ನಂದು."

ಒಂದು ಕಡೆ ತಣ್ಣನೆಯ ಎಣ್ಣೆ, ಇನ್ನೊಂದು ಕಡೆ ರಾಹು. ನಾನು ರಾಹುವನ್ನು ನಂಬದವನು, ಆದರೂ ಅವನಿಗಾಗಿ ಅವಸರ ಮಾಡಬೇಕಾಯಿತು! ಈ ಅವಮಾನವನ್ನು ನುಂಗುತ್ತಿರುವಾಗಲೇ ನನಗೊಂದು ವಿಷಯ ಹೊಳೆಯಿತು. ಚಳಿ ದೇಶಗಳಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ಕಿಂಡಿಗಳನ್ನು ತಗಡಿನ ಮುಚ್ಚಳದಿಂದ ಅರ್ಧ ಮುಚ್ಚುತ್ತಾರೆ, ಎಣ್ಣೆ ಬೇಗ ಬೆಚ್ಚಗಾಗುತ್ತದೆ ಎಂದು ಓದಿದ್ದೆ. ನಮ್ಮ ವಿಮಾನದ ಮೂಗಿನ ಕೆಳಗೆ ದುಂಡನೆಯ ಒಂದು ಕಿಂಡಿ ಇತ್ತು, ಅದರ ಹಿಂದೆ ತಂತಿಯ ಜಾಲರಿ. ಎಣ್ಣೆಯ ತೊಟ್ಟಿಗೆ ಗಾಳಿ ತಾಗುವುದು ಅಲ್ಲಿಂದ. ಅದನ್ನು ಮುಚ್ಚಿದರೆ? ಆದರೆ ಯಾವುದರಿಂದ? ತಗಡು ಇಟ್ಟರೆ ಹಾರಿದ ಮೇಲೆ ತೆಗೆಯುವವರು ಯಾರು?

ಗಿರಿಜೆ ಸಾಹುಕಾರರ ತಿಂಡಿಗೆಂದು ತಂದಿದ್ದ ಬುತ್ತಿ ಅಲ್ಲೇ ಇತ್ತು. ಎಳ್ಳು ಹಚ್ಚಿದ ಖಡಕ್ ರೊಟ್ಟಿ. ಕಿಂಡಿಗೆ ಅಳತೆ ತೆಗೆದು ಬಡಿದಂತೆ ದುಂಡಗೆ. ಖಡಕ್ ರೊಟ್ಟಿಯ ಗುಣ ಏನು? ಅಲುಗಾಡದೆ ಕೂರುತ್ತದೆ, ಪೆಟ್ಟು ಬಿದ್ದರೆ ಪುಡಿಯಾಗುತ್ತದೆ. ಅಂದರೆ ನೆಲದ ಮೇಲೆ ಇರುವವರೆಗೆ ಮುಚ್ಚಳ, ಮೇಲೇರಿದಾಗ ಗಾಳಿಯ ಹೊಡೆತಕ್ಕೆ ಪುಡಿ ಪುಡಿ. ತಾನಾಗಿಯೇ ಬಿಚ್ಚಿಕೊಳ್ಳುವ ಮುಚ್ಚಳ! ಚಳಿ ದೇಶದ ಎಂಜಿನಿಯರುಗಳಿಗೆ ಇದು ಹೊಳೆದಿರಲಿಲ್ಲ. ಅವರಿಗೆ ಜೋಳವೂ ಇರಲಿಲ್ಲ.

ಆಗ ಒಂದು ಕೈ ಬುತ್ತಿಯಿಂದ ರೊಟ್ಟಿ ತೆಗೆದು ಕಿಂಡಿಗೆ ತುರುಕಿತು. ಅದು ಯಾರ ಕೈ ಎಂದು ನನಗೆ ಸ್ಪಷ್ಟವಾಗಿ ನೆನಪಿಲ್ಲ. ಮಣಿಕಟ್ಟಿನಲ್ಲಿ ನನ್ನದರಂಥದ್ದೇ ಗಡಿಯಾರವಿತ್ತು ಎಂಬುದಷ್ಟೇ ನೆನಪು.

ಗಿರಿಜೆ ಪಂಕದ ಗಾಳಿಗೆ ಸೆರಗು ಹಿಡಿದುಕೊಂಡು ಓಡಿ ಬಂದಳು. "ಏನ್ರಿ, ಆ ರೊಟ್ಟಿ—"

"ಸುಮ್ನಿರು. ಇದು ತಾಂತ್ರಿಕ ವಿಷಯ."

ಅವಳು ಸುಮ್ಮನಾದಳು. ಅವಳು ಜೀವಮಾನದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಮುಳ್ಳು ಅಲುಗಿತು. ಮೆಲ್ಲಗೆ ಎದ್ದು ಹಸಿರು ಪಟ್ಟಿಯ ಅಂಚಿಗೆ ಬಂತು. ನಾನು ಕಲ್ಲು ಒದ್ದು, ಹಾರಿ ಹಿಂದಿನ ಸೀಟಿಗೆ ಕೂತೆ. ರಾಹುವಿಗಿಂತ ಮೊದಲೇ ನೆಲ ಬಿಟ್ಟೆವು. ಕೆಳಗೆ ಜನರ ಕೂಗು ಕೇಳಿಸಿತೋ ಇಲ್ಲವೋ, ಕೇಳಿಸಿತೆಂದೇ ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ.

ಮಿಲ್ಲಿನ ಚಿಮಣಿಗಳು ಕೆಳಗೆ ಸರಿದವು. ಹರಿಹರದ ರಸ್ತೆಯ ಮೇಲೆ ಒಂದು ಬಸ್ಸು ಜೀರುಂಡೆಯಂತೆ ಹರಿಯಿತು. ಸಾಹುಕಾರರು ಹಿಗ್ಗಿ ಹೋದರು. ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದರು.

"ಮೇಷ್ಟ್ರೇ, ಹೊಳಿ ನೋಡ್ರಿ, ಹೆಂಗೆ ಸೀರಿ ಒಣಗಾಕಿದಂಗೆ ಬಿದ್ದೈತೆ. ಸೈ ಬಿಡ್ರಿ, ಸೈ."

ಎರಡು ಸಲ ಸೈ ಅಂದರು. ಇದಕ್ಕೆ ನಾನೊಬ್ಬನೇ ಸಾಕ್ಷಿ, ಆದರೆ ನಾನು ಇದನ್ನು ಮರೆಯುವುದಿಲ್ಲ. ಹೊಲ ನನ್ನದಾಗಿತ್ತು. ಆ ಸುಖದಲ್ಲಿ, ಜವಾಬ್ದಾರಿಯುಳ್ಳ ಪೈಲಟ್ಟಿನ ಗತ್ತಿನಲ್ಲಿ, ಕೇಳಬಾರದ್ದನ್ನು ಕೇಳಿದೆ.

"ಸಾಹುಕಾರ್ರೇ, ನಿಮ್ಮ ಮುಂದೆ ಬಲಗಡೆ ಕೊನೆಯ ಗಡಿಯಾರ, ಹಸಿರು ಕೆಂಪು ಬಣ್ಣ ಇದೆಯಲ್ಲ, ಅದರ ಮುಳ್ಳು ಎಲ್ಲಿದೆ?"

"ನಡುವೆ ಐತೆ. ನೆಟ್ಟಗೆ. ತೂಕ ಸರಿ ಐತೆ."

ಅವರ ಜೀವನವೆಲ್ಲ ತಕ್ಕಡಿಯ ಮುಂದೆ ಕಳೆದಿತ್ತು. ಅವರ ಪಾಲಿಗೆ ಮುಳ್ಳು ನೆಟ್ಟಗಿದ್ದರೆ ನ್ಯಾಯ. ಆ ಗಡಿಯಾರದಲ್ಲಾದರೋ ನಡು ಎಂದರೆ ಹಸಿರು ಮುಗಿಯುತ್ತ ಬಂದ ಜಾಗ. ಅದರಿಂದ ಬಲಕ್ಕೆ ಕೆಂಪು.

"ಈಗ?"

"ಈಗ ಒಂಚೂರು ಬಲಕ್ಕೆ ವಾಲೈತೆ. ಬಲದ ತಟ್ಟೆ ಭಾರ ಆಗೈತೆ ನೋಡ್ರಿ. ತಡೀರಿ, ಸರಿ ಮಾಡ್ತೀನಿ."

ನಾನು ಬೇಡ ಎನ್ನುವಷ್ಟರಲ್ಲಿ ಅವರು ತಮ್ಮ ಭಾರೀ ದೇಹವನ್ನು ಎಡಕ್ಕೆ ಒರಗಿಸಿದರು, ತೂಕ ಸಮ ಮಾಡಲು. ವಿಮಾನವೂ ಎಡಕ್ಕೆ ಒರಗಿತು. ನಾವು ಮಲೆಬೆನ್ನೂರು ಬಿಟ್ಟು ವಾಪಸ್ ದಾವಣಗೆರೆಯ ಕಡೆಗೇ ತಿರುಗಿದೆವು. ನಾನು ವಿಮಾನ ನಡೆಸುವ ಕೋಲು ಎಳೆದು ಸರಿಪಡಿಸಿದೆ.

"ನೆಟ್ಟಗೆ ಕೂಡ್ರಿ! ಈಗ ಮುಳ್ಳು ಎಲ್ಲಿದೆ?"

"ಇನ್ನೂ ಬಲಕ್ಕೇ ಹೋತಲ್ರಿ. ಇನ್ನೊಂಚೂರು ವಾಲ್ಲಾ?"

ಎಣ್ಣೆ ಕಾಯುತ್ತಿತ್ತು. ಯಾಕೆ? ಇಲ್ಲಿ ನನ್ನ ವಿದ್ಯೆ ಮೈಕೊಡವಿ ಎದ್ದಿತು. ಎಂಜಿನ್ನು ಕಾಯುವುದೆಂದರೆ ಮಿಶ್ರಣ ತೆಳುವಾಗಿದೆ. ತೆಳು ಮಾಡಿದವರು ಯಾರು? ಬಹುಶಃ ಹತ್ತುವ ಅವಸರದಲ್ಲಿ ನನ್ನ ಮೊಣಕೈ ತಾಗಿ ಗುಂಡಿ ಹೊರಗೆ ಬಂದಿರಬೇಕು. ನೋಡಿದರೆ ಗುಂಡಿ ಒಂದು ಬೆರಳಿನಷ್ಟು ಹೊರಗಿತ್ತು. ನನ್ನ ತರ್ಕಕ್ಕೆ ನಾನೇ ತಲೆದೂಗಿದೆ. ಗುಂಡಿಯನ್ನು ಪೂರ್ತಿ ಒಳಗೆ ಒತ್ತಿದೆ. ಎಂಜಿನ್ನಿನ ದನಿ ದಪ್ಪವಾಯಿತು. ನನ್ನ ಕಿವಿಯೇ ಸಾಕ್ಷಿ.

"ಈಗ?"

"ಬಲಕ್ಕೇ."

ಹಾಗಾದರೆ ಅತಿ ದಪ್ಪವಾಗಿರಬೇಕು. ದಪ್ಪ ಮಿಶ್ರಣ ಪ್ಲಗ್ಗಿಗೆ ಮಸಿ ಕಟ್ಟಿ, ಒಂದು ಸಿಲಿಂಡರು ಸೋಮಾರಿಯಾಗಿ, ಉಳಿದವು ಅದರ ಕೆಲಸವನ್ನೂ ಮಾಡಿ ಕಾಯುತ್ತಿರಬೇಕು. ಇದು ಇನ್ನೂ ಸೊಗಸಾದ ತರ್ಕ. ಗುಂಡಿಯನ್ನು ಅರ್ಧ ಎಳೆದು, ಜತೆಗೆ ಎಂಜಿನ್ನಿನ ವೇಗದ ಹಿಡಿಯಾದ ಥ್ರಾಟಲ್ಲನ್ನೂ ಸ್ವಲ್ಪ ಹಿಂದೆ ತಂದೆ. ಎಂಜಿನ್ನು ಕೆಮ್ಮಿತು. ಕಾಲು ಭಾಗ ಒತ್ತಿ, ಮೂಗು ತುಸು ತಗ್ಗಿಸಿದೆ. ಹಿತವಾಗಿ ಹಾಡಿತು. ಕಂಡುಹಿಡಿದುಬಿಟ್ಟೆ! ಆ ಕ್ಷಣದಲ್ಲಿ ನಾನು ಆ ಎಂಜಿನ್ನನ್ನು ವೀಣೆಯಂತೆ ನುಡಿಸುತ್ತಿದ್ದೆ. ಎಡಗೈಯ ಎರಡು ಬೆರಳಲ್ಲಿ ಬೆಂಕಿಯನ್ನು ಆಳುತ್ತಿದ್ದೆ. ಒಳಗೆ, ಹೊರಗೆ, ಒಳಗೆ. ಬೆವರು ಹರಿಯುತ್ತಿತ್ತು.

"ಸಾಹುಕಾರ್ರೇ, ಈಗಂತೂ ಎಡಕ್ಕೆ ಬಂದಿರಬೇಕು."

"ಮುಳ್ಳಿಗೆ ಹೋಗಾಕೆ ಇನ್ನು ಜಾಗಿಲ್ರಿ. ಬಲಗಡೆ ಗೋಡಿಗೆ ಆತಗಂಡು ಕುಂತೈತೆ."

ಕೆಳಗೆ ನಾಲೆಯ ನೀರು ಹೊಳೆಯುತ್ತಿತ್ತು. ಆಮೇಲೆ ಸಾಹುಕಾರರು ಮೂಗು ಮೇಲೆತ್ತಿದರು. ರುಮಾಲು ಅತ್ತಿತ್ತ ತಿರುಗಿತು.

"ಮೇಷ್ಟ್ರೇ, ಯಾರ ಮನ್ಯಾಗೋ ರೊಟ್ಟಿ ಸುಡ್ತಾರೆ ನೋಡ್ರಿ. ಎಳ್ಳು ಹಚ್ಚಿದ್ದು."

"ಆಕಾಶದಲ್ಲಿ ಯಾರ ಮನೆ ಸಾಹುಕಾರ್ರೇ!" ಎಂದು ರೇಗಿ, ಉಸಿರೆಳೆದುಕೊಂಡೆ. ಹೌದು. ಹದವಾಗಿ ಸುಟ್ಟು, ಹದ ಮೀರುತ್ತಿರುವ ಜೋಳದ ರೊಟ್ಟಿಯ ವಾಸನೆ. ಅದು ಪುಡಿಯಾಗಿರಲಿಲ್ಲ. ಅದು ಬಿದ್ದಿರಲಿಲ್ಲ. ಅದು ಇಡೀ ದಾರಿ ನಮ್ಮ ಜತೆಯಲ್ಲೇ ಪ್ರಯಾಣ ಮಾಡಿತ್ತು.

ಮನುಷ್ಯನ ನೆನಪು ಎಂಥ ನಂಬಿಕೆಗೇಡಿ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಮುಳ್ಳು ಬಲಕ್ಕೆ ಹೊರಟಾಗಿನಿಂದ ನನ್ನ ತಲೆಯಲ್ಲಿ ಇಂಗಾಲ, ಆಮ್ಲಜನಕ, ಪ್ಲಗ್ಗು, ಸಿಲಿಂಡರು ಎಲ್ಲ ಬಂದಿದ್ದವು. ರೊಟ್ಟಿ ಒಂದು ಬಂದಿರಲಿಲ್ಲ.

ಇನ್ನು ಇಳಿಯಲೇಬೇಕು. ಎಂಜಿನ್ನು ಕಚ್ಚಿಕೊಳ್ಳುವ ಮುಂಚೆ, ಸಾಹುಕಾರರ ಜೀವ ಮತ್ತು ನನ್ನ ಬಯಲು ಎರಡೂ ಉಳಿಯುವಂತೆ. ಮಲೆಬೆನ್ನೂರಿನ ಸುತ್ತ ಕೊಯ್ದ ಗದ್ದೆಗಳು, ಬದುಗಳು, ಅಡ್ಡಾದಿಡ್ಡಿ ಹಳ್ಳಗಳು. ಅವುಗಳ ನಡುವೆ ದೇವರೇ ಹಾಸಿದಂತೆ ಒಂದು ಉದ್ದನೆಯ ಹಸಿರು ಪಟ್ಟಿ. ನುಣ್ಣಗೆ, ಸಮವಾಗಿ, ಬೆಂಗಳೂರಿನ ಕ್ಲಬ್ಬಿನ ಹುಲ್ಲುಹಾಸಿನಂತೆ. ಥ್ರಾಟಲ್ ಪೂರ್ತಿ ಹಿಂದೆ ಎಳೆದು ಅದರ ಕಡೆ ಮೂಗು ತಿರುಗಿಸಿದೆ. ಗದ್ದಲ ನಿಂತಿದ್ದರಿಂದ ಸಾಹುಕಾರರ ಮಾತು ಈಗ ಚೆನ್ನಾಗಿ ಕೇಳಿಸಿತು.

"ಅಲ್ಲಿ ಬ್ಯಾಡ್ರಿ ಮೇಷ್ಟ್ರೇ."

"ಅದಕ್ಕಿಂತ ಒಳ್ಳೆ ಜಾಗ ಇಲ್ಲ."

"ಬ್ಯಾಡ ಅಂತೀನಿ. ಅದು ಸಸಿ ಮಡಿ. ಕೆಳಗೆ ಕೆಸರೈತೆ. ಅದು ನಂದು!"

ಬೇಸಿಗೆ ಬೆಳೆಗೆ ನಾಟಿ ಮಾಡಲು ಭತ್ತ ಚೆಲ್ಲಿ ಎಬ್ಬಿಸಿದ ಸಸಿಗಳು ದಟ್ಟವಾಗಿ, ಹುಲ್ಲಿಗಿಂತ ಹಸಿರಾಗಿ ಕಾಣುತ್ತವೆ ಎಂಬುದು ಯಾವ ಪಠ್ಯದಲ್ಲೂ ಇಲ್ಲ. ಮೊದಲು ಚಕ್ರ ತಾಗಿತು. ಚಕ್ರ ನಿಂತಿತು. ನಾವು ನಿಲ್ಲಲಿಲ್ಲ. ವಿಮಾನ ಬಹಳ ಮರ್ಯಾದೆಯಿಂದ ತಲೆ ಬಗ್ಗಿಸಿ, ಪಂಕವನ್ನು ಕೆಸರಿಗೆ ಊರಿ, ಬಾಲವನ್ನು ಆಕಾಶಕ್ಕೆ ಎತ್ತಿ ನಿಂತುಕೊಂಡಿತು. ಎಂಜಿನ್ನಿನ ಸ್ವಿಚ್ಚು ಆರಿಸಿದೆ. ಎಲ್ಲೋ ಒಂದು ಕಪ್ಪೆ ಕೂಗಿತು.

ಸಾಹುಕಾರರು ಬೆಲ್ಟಿನಲ್ಲಿ ಜೋತು ಬಿದ್ದಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಆ ರುಮಾಲು ಮಾತ್ರ ಕಳಚಿ ಕೆಸರಿಗೆ ಬಿದ್ದಿತ್ತು. ಈಗ ಗಡಿಯಾರಗಳೆಲ್ಲ ನನಗೆ ನಿಚ್ಚಳವಾಗಿ ಕಾಣುತ್ತಿದ್ದವು. ಗಾಜಿನ ಮೇಲೆಲ್ಲ ಕೆಸರು.

ಊರಿನವರು ಓಡಿ ಬಂದು ನಮ್ಮನ್ನು ಇಳಿಸಿಕೊಂಡರು. ಒಬ್ಬರು ಮೂಗಿನ ಕಿಂಡಿಯಲ್ಲಿ ಬೆರಳು ಹಾಕಿ ಜಾಲರಿಗೆ ಅಂಟಿದ್ದ ರೊಟ್ಟಿಯನ್ನು ಕಿತ್ತು ತೆಗೆದರು. ಅದು ಎಣ್ಣೆಯ ಆವಿಯಲ್ಲಿ ನೆಂದು, ಬೆಂದು, ಒಣಗಿ, ಚಪ್ಪಲಿಯ ಅಟ್ಟೆಯಂತಾಗಿತ್ತು. ಜಾಲರಿಯ ಗೆರೆಗಳು ಅದರ ಮೇಲೆ ಅಚ್ಚೊತ್ತಿದ್ದವು. ಸಾಹುಕಾರರು ಬರಿದಲೆಯಲ್ಲಿ ಬದುವಿನ ಮೇಲೆ ಕೂತು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಸಸಿ ಮಡಿಯನ್ನು ನೋಡಿದರು. ಅವರ ಗದ್ದೆಗೆಲ್ಲ ನಾಟಿಗೆ ಇದ್ದ ಸಸಿ ಅಷ್ಟೇ. ಅದರ ನಡುವೆ ನಾವು ಒಂದು ಒಳ್ಳೆಯ ರಸ್ತೆ ಮಾಡಿದ್ದೆವು.

"ಮೇಷ್ಟ್ರೇ."

"ಹೇಳಿ ಸಾಹುಕಾರ್ರೇ."

"ಇಷ್ಟು ಹಾಳು ಮಾಡಾಕೆ ನಿಮಗೆ ನನ್ನ ಒಂದು ಗದ್ದೆ ಸಾಕಾತು. ಇನ್ನು ಆ ಹೊಲ ಬ್ಯಾರೆ ಯಾಕೆ?"

ಅಲ್ಲಿಗೆ ನನ್ನ ವಿಮಾನ ಶಾಲೆ ಮುಗಿಯಿತು.

ಮಲೆಬೆನ್ನೂರಿನಿಂದ ಬಸ್ಸಿನಲ್ಲಿ ಮನೆಗೆ ಬಂದವನು ಗಿರಿಜೆಯ ಮೇಲೆ ಹರಿಹಾಯ್ದೆ.

"ಅದು ಎಂಥ ರೊಟ್ಟಿ? ಖಡಕ್ ರೊಟ್ಟಿ ಅಂದ ಮೇಲೆ ಗಾಳ್ಯಾಗೆ ಪುಡಿ ಆಗಬೇಕೋ ಬೇಡವೋ?"

"ಸಾಹುಕಾರ್ರಿಗೆ ಹಲ್ಲಿಲ್ಲ, ಎಲೆಯಡಿಕೀನೂ ಕುಟ್ಟಿ ಹಾಕ್ಕೊಂತಾರೆ. ಖಡಕ್ ರೊಟ್ಟಿ ಹೆಂಗೆ ತಿಂದಾರು? ನೀರು ಚಿಮುಕಿಸಿ ಒದ್ದಿ ಅರಿವ್ಯಾಗೆ ಸುತ್ತಿ ಮೆತ್ತಗೆ ಮಾಡಿದ್ದೆ."

"ಅದನ್ನ ಮೊದಲೇ ಹೇಳಬೇಕಿತ್ತು!"

"ಹೇಳಾಕೇ ಓಡಿ ಬಂದಿದ್ದು. ತಾಂತ್ರಿಕ ವಿಷಯ, ಸುಮ್ನಿರು ಅಂದ್ರಿ."

ಇದಕ್ಕಿಂತ ಸಿಟ್ಟು ಬರಿಸುವ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಸಿಟ್ಟಿನಿಂದ ಊಟ ಬಿಟ್ಟೆ. ಅಂದು ರೊಟ್ಟಿಯೇ ಮಾಡಿದ್ದಳು.

ಊರಿಗೆ ಹಬ್ಬವಾಯಿತು. ತರಗತಿಗೆ ಹೋದರೆ ಕರಿಹಲಗೆಯ ಮೇಲೆ ರೆಕ್ಕೆ ಬರೆದ ರೊಟ್ಟಿ. ಖಾನಾವಳಿಗೆ ಹೋದರೆ, "ಮೇಷ್ಟ್ರಿಗೆ ಮೆತ್ತಂದು ಕೊಡ್ಲಾ, ಹಾರೋದು ಕೊಡ್ಲಾ?" ದಲಾಲರ ಬೀದಿಯಲ್ಲಿ ಹಾಯ್ದರೆ ಯಾರೋ ಒಬ್ಬರು ಮೈಯನ್ನು ಎಡಕ್ಕೆ ವಾಲಿಸಿ ತೋರಿಸುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇರಲಿಲ್ಲ. ಸಿಕ್ಕಸಿಕ್ಕವರನ್ನು ನಿಲ್ಲಿಸಿ ವಾದ ಮಾಡಿದೆ. ರೊಟ್ಟಿಯ ವಿಷಯ ಬಿಡಿ, ಅದು ಯಾರ ಕೈ ಎಂದು ತೀರ್ಮಾನವಾಗಿಲ್ಲ. ಆದರೆ ಮುಳ್ಳು ಕೆಂಪಿನಲ್ಲಿದ್ದಾಗಲೂ ಎಂಜಿನ್ನು ಕಚ್ಚಿಕೊಳ್ಳದೆ ಮಲೆಬೆನ್ನೂರಿನವರೆಗೆ ಓಡಿತಲ್ಲ, ಅದು ಯಾರಿಂದ? ಮಿಶ್ರಣ ನಿರ್ವಹಣೆಯಿಂದ! ಒಳಗೆ, ಹೊರಗೆ, ಕಾಲು ಭಾಗ ಒಳಗೆ. ಆ ಎರಡು ಬೆರಳುಗಳು ಇಲ್ಲದಿದ್ದರೆ ಇವತ್ತು ದಾವಣಗೆರೆಯಲ್ಲಿ ಹಾಲಪ್ಪ ಸಾಹುಕಾರರು ಇರುತ್ತಿರಲಿಲ್ಲ. ತರಗತಿಯಲ್ಲಿ ರೇಖಾಚಿತ್ರ ಬರೆದು ತೋರಿಸಿದೆ. ಗುಂಡಿಯ ಸ್ಥಾನ ಅಡ್ಡಕ್ಕೆ, ಎಂಜಿನ್ನಿನ ದನಿ ಉದ್ದಕ್ಕೆ. ಹುಡುಗರು ಬರೆದುಕೊಂಡರು. ಸಾಹುಕಾರರಿಗೂ ಇದನ್ನು ಹೇಳಿಕಳಿಸಿದೆ. "ಹಂಗಾದ್ರೆ ಸಸಿನೂ ಆ ಗುಂಡೀಲೇ ಎಬ್ಬಿಸಿ ಕೊಡಾಕೆ ಹೇಳ್ರಿ" ಎಂದು ಉತ್ತರ ಬಂತು.

ಬೇಸಿಗೆ ರಜೆಯಲ್ಲಿ ಕ್ಲಬ್ಬಿಗೆ ಹೋದೆ. ಲಾರಿಯಲ್ಲಿ ಬೆಂಗಳೂರಿಗೆ ವಾಪಸ್ ಹೋಗಿದ್ದ ಆ ವಿಮಾನ ಹೊಸ ಪಂಕ ಹಾಕಿಸಿಕೊಂಡು, ಬಣ್ಣ ಬಳಿಸಿಕೊಳ್ಳಲು ಪಕ್ಕದ ಹೊದಿಕೆ ಬಿಚ್ಚಿಸಿಕೊಂಡು ಷೆಡ್ಡಿನಲ್ಲಿ ನಿಂತಿತ್ತು. ಕಲಿಯಲು ಬಂದ ಹೊಸಬರು ಸುತ್ತ ಸೇರಿದ್ದರು. ಕೇಳುವವರು ಸಿಕ್ಕರೆಂದು ನಾನು ಹಿಂದಿನ ಸೀಟಿನಲ್ಲಿ ಕೂತು ನನ್ನ ಪಾಠ ಶುರು ಮಾಡಿದೆ. ಎಣ್ಣೆಯ ಬಿಸಿ ಏರಿದರೆ ಗಾಬರಿ ಆಗಬಾರದು, ಎಡಗೈಯನ್ನು ಹೀಗೆ ಇಡಬೇಕು, ಗುಂಡಿಯನ್ನು ಹೀಗೆ ಎಳೆಯಬೇಕು. "ಈ ಗುಂಡಿಯಿಂದ ಎಂಜಿನ್ನಿಗೆ ಒಂದು ತಂತಿ ಹೋಗುತ್ತೆ, ನೋಡಿ" ಎಂದು ಬಿಚ್ಚಿದ್ದ ಜಾಗದಲ್ಲಿ ಬೆರಳು ತೋರಿಸಿದೆ.

ಹೊಸಬರು ಬಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನೂ ಬಗ್ಗಿ ನೋಡಿದೆ.

ಕ್ಲಬ್ಬಿನ ಎಂಜಿನಿಯರು ಬೀಡಿ ಸೇದುತ್ತ ದೂರದಿಂದಲೇ ಹೇಳಿದರು: "ಆ ತಂತೀನ ನೀವು ಕಲಿಯೋಕೆ ಬರೋ ಮುಂಚೆನೇ ಬಿಚ್ಚಿ ಹಾಕಿದೀವಿ ಸಾರ್. ಕಲಿಯೋರು ಸುಮ್ಮನೆ ಎಳೆದಾಡ್ತಾರೆ ಅಂತ ಮಿಶ್ರಣ ದಪ್ಪಕ್ಕೆ ಇಟ್ಟು ಎಂಜಿನ್ ಹತ್ತಿರಾನೇ ಕಟ್ಟಿಬಿಟ್ಟಿದೀವಿ. ಗುಂಡಿ ಬರೀ ಜಾಗ ಮುಚ್ಚೋಕೆ."

ಎಂಜಿನ್ನಿನ ದನಿ ದಪ್ಪವಾದದ್ದು, ಕೆಮ್ಮಿದ್ದು, ವೀಣೆಯಂತೆ ಹಾಡಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅದನ್ನು ನೀವು ನಂಬಬೇಕಾಗಿಲ್ಲ, ನಾನೂ ನಂಬುವುದನ್ನು ಬಿಟ್ಟಿದ್ದೇನೆ. ಮುಳ್ಳು ಎಲ್ಲಿತ್ತೋ, ಕೈ ಯಾರದೋ, ಸಾಹುಕಾರರು ಸೈ ಅಂದದ್ದು ನಿಜವೋ ನನ್ನ ಆಸೆಯೋ ಗೊತ್ತಿಲ್ಲ. ಆದರೆ ಒಂದನ್ನು ಮಾತ್ರ, ಎಂಜಿನಿಯರು ಹೇಳಿದರೆಂದು ನಂಬದೆ, ಹೊಸಬರೆಲ್ಲ ಹೋದ ಮೇಲೆ ನಾನೇ ಮೊಣಕೈವರೆಗೆ ಕೈ ತೂರಿಸಿ, ತಡವಿ, ಇನ್ನೊಮ್ಮೆ ತಡವಿ ಖಾತ್ರಿ ಮಾಡಿಕೊಂಡಿದ್ದೇನೆ: ಆ ಕೆಂಪು ಗುಂಡಿಯ ಹಿಂದೆ ಏನೂ ಇರಲಿಲ್ಲ.